ಹುಳದ ಮನೆಯ ಮೂಡಣ ಕಿಟಕಿ

ಆ ಕಿಟಕಿಯನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮೊಳದಗಲದ ಮರದ ಚೌಕಟ್ಟು, ಅದರ ತುಂಬ ಒಂದು ಜೇಡರ ಬಲೆ, ಎಳೆಎಳೆಯ ಮೇಲೂ ಬೆಳಗಿನ ಇಬ್ಬನಿ, ನಟ್ಟನಡುವೆ ತಲೆಕೆಳಗಾಗಿ ಕುಳಿತ ಹಳದಿ ಪಟ್ಟೆಯ ಒಡತಿ. ಬಿಸಿಲು ಬಂದು ಮುಟ್ಟಿದ ಕೂಡಲೇ ಬಲೆ ಇಡಿಯಾಗಿ ಹೊಳೆಯುತ್ತಿತ್ತು.

ನಾನು ಸೊಸೆಯಾಗಿ ಹೋದ ಊರಿನಲ್ಲಿ ಎದುರಾದವರನ್ನು ಊಟವಾಯಿತೇ ಎಂದು ಕೇಳುವ ವಾಡಿಕೆ ಇರಲಿಲ್ಲ. ‘ನಿಮ್ಮ ಹುಳ ಎಷ್ಟನೇ ಜ್ವರ?’ ಎಂದೇ ಕೇಳುತ್ತಿದ್ದರು. ರೇಷ್ಮೆಹುಳು ಪೊರೆ ಬಿಡುವ ಮುನ್ನ ಸೊಪ್ಪು ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ಸುಮ್ಮನೆ ಕೂರುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದ ಹುಳ ಹಣ್ಣಾಗಿ ಗೂಡು ಕಟ್ಟುತ್ತದೆ. ಅಲ್ಲಿಯವರೆಗೆ ಹುಳದ ಮನೆಯ ಬಳಿ ಒಗ್ಗರಣೆ ಹಾಕುವಂತಿಲ್ಲ, ಜೋರಾಗಿ ಮಾತಾಡುವಂತಿಲ್ಲ. ಹುಟ್ಟಾ ಬಾಯಿಬಡುಕಿಯಾದ ನನಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ.

ನಮ್ಮ ಮನೆಯಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ಹೊಸ ಸೊಸೆಗೆ ಹಿಂಬದಿಯ ಸಣ್ಣ ಕೋಣೆಯಲ್ಲಿ ಒಂದು ಬೆಳೆಗಾಗುವಷ್ಟು ಹುಳವನ್ನು ಅವಳದೇ ಎಂದು ಒಪ್ಪಿಸುತ್ತಿದ್ದರು. ಬೆಳೆ ಕೈಗೆ ಬಂದರೆ ಆ ಕೋಣೆ ಎಂದೆಂದಿಗೂ ಅವಳದ್ದು. ಕೆಟ್ಟರೆ ಹುಳದ ಮನೆಯ ಹೊಸ್ತಿಲನ್ನು ಅವಳು ಮತ್ತೆ ದಾಟುವಂತಿಲ್ಲ, ಬದುಕಿರುವವರೆಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಹೊರುವುದೇ ಅವಳ ಪಾಲು. ನನ್ನ ಓರಗಿತ್ತಿ ಬೋರಮ್ಮನಿಗೆ ಹಾಗೇ ಆಗಿತ್ತು.

“ನನ್ನ ಹುಳಕ್ಕೆ ಊಜಿ ಬಿತ್ತು ಕಣೆ,” ಎಂದು ಅವಳು ಒಮ್ಮೆ ಸೊಪ್ಪಿನ ಹೊರೆ ಇಳಿಸುತ್ತ ಹೇಳಿದ್ದಳು. “ಇನ್ನೊಂದು ಬೆಳೆ ಕೊಡಿ ಅಂತ ಕೇಳಕ್ಕೂ ಬಾಯಿ ಬರ್ನಿಲ್ಲ.”

ಊಜಿ ಎಂದರೆ ಬೂದು ಬಣ್ಣದ, ಬೆನ್ನಿನ ಮೇಲೆ ಗೆರೆಗಳಿರುವ ದಪ್ಪ ನೊಣ. ಹಾಡುಹಗಲೇ ಕಿಟಕಿಯಿಂದ ನುಗ್ಗಿ ಹುಳದ ಮೈಮೇಲೆ ಮೊಟ್ಟೆ ಇಟ್ಟು ಹೋಗುತ್ತದೆ. ಅದರ ಮರಿ ಹುಳವನ್ನು ಒಳಗಿನಿಂದ ತಿಂದು, ಕೊನೆಗೆ ಗೂಡನ್ನೇ ತೂತು ಮಾಡಿಕೊಂಡು ಹೊರಬೀಳುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ತೆಗೆಯಲು ಬರುವುದಿಲ್ಲ. ಕಿಟಕಿ ಮುಚ್ಚಿದರೆ ಸೆಕೆಗೆ ಹುಳ ಸಾಯುತ್ತದೆ, ತೆರೆದರೆ ಊಜಿ ಬರುತ್ತದೆ. ಊರಿನ ಹೆಂಗಸರಿಗೆ ಈ ನೊಣದ ಹೆಸರೆತ್ತಿದರೇ ಹೊಟ್ಟೆ ಉರಿಯುತ್ತಿತ್ತು.

ನನ್ನ ಸರದಿ ಬಂತು. ಎಳೆಯ ಹುಳ ತರುವ ಮುನ್ನ ಅತ್ತೆ ಚಿಕ್ಕತಾಯಮ್ಮ ಕೋಣೆಗೆ ಸುಣ್ಣ ಬಳಿಸಿದರು. ಉದ್ದನೆಯ ಕೋಲಿಗೆ ಪೊರಕೆ ಕಟ್ಟಿ ಮೂಲೆಮೂಲೆಯ ಜೇಡರ ಬಲೆಯನ್ನು ತಾವೇ ನಿಂತು ತೆಗೆಸಿದರು.

“ಹುಳದ ಮನೇಲಿ ಜೇಡ ಇರಬಾರ್ದು ಕಣಮ್ಮಿ. ಎಳೇ ಹುಳ ಅದರ ಕೆಲಸ ನೋಡಿ ಕಲ್ತುಬುಟ್ರೆ, ಗೂಡು ಕಟ್ಟೋದ ಮರ್ತು ಬಲೆ ಹೆಣೆಯಕ್ಕೆ ಕೂತ್ಕತದೆ.”

ನನಗೆ ನಗು ತಡೆಯಲಾಗಲಿಲ್ಲ. “ಅಷ್ಟು ದೂರದಿಂದ ಹುಳಕ್ಕೆ ಕಣ್ಣು ಕಾಣ್ತದಾ ಅತ್ತೆ?” ಎಂದುಬಿಟ್ಟೆ.

“ನಮ್ಮತ್ತೆ ಹೇಳಿದ್ದು. ಅವರಿಗೆ ಅವರತ್ತೆ ಹೇಳಿದ್ದು,” ಎಂದರು ಅವರು. ಅಲ್ಲಿಗೆ ಆ ಮಾತು ಮುಗಿಯಿತು.

ಹುಳ ಎರಡನೇ ಜ್ವರದಿಂದ ಎದ್ದ ಬೆಳಿಗ್ಗೆ ಮೂಡಣ ಕಿಟಕಿಯಲ್ಲಿ ಆ ಬಲೆ ಇತ್ತು. ಅತ್ತೆ ನೋಡುವ ಮೊದಲೇ ತೆಗೆದುಬಿಡೋಣವೆಂದು ಪೊರಕೆ ಎತ್ತಿದೆ. ಅಷ್ಟರಲ್ಲಿ ಗುಂಯ್ ಎನ್ನುತ್ತ ಒಂದು ಊಜಿ ಹೊರಗಿನಿಂದ ಬಂದು ಬಲೆಗೆ ಬಡಿಯಿತು. ಬಲೆ ಒಳಕ್ಕೆ ಉಬ್ಬಿತು, ಹರಿಯಲಿಲ್ಲ. ಪಟ್ಟೆಯ ಒಡತಿ ನಡುವಿನಿಂದ ಓಡಿಬಂದಳು. ಕಾಲಿನಿಂದ ನೊಣವನ್ನು ತಿರುವಿ ತಿರುವಿ ಬಿಳಿಯ ನೂಲು ಸುತ್ತಿದಳು. ನೋಡನೋಡುತ್ತಿದ್ದಂತೆ ಊರನ್ನೇ ಗೋಳು ಹೊಯ್ದುಕೊಂಡಿದ್ದ ಆ ಊಜಿ ಒಂದು ಸಣ್ಣ ಗಂಟಾಗಿ ತೂಗುತ್ತಿತ್ತು. ಕಿರುಚಿಕೊಳ್ಳಬೇಕೆನ್ನಿಸಿತು. ಕಿರುಚುವಂತಿರಲಿಲ್ಲವಲ್ಲ, ಸೆರಗನ್ನು ಬಾಯಿಗೆ ತುರುಕಿಕೊಂಡು ಅಲ್ಲೇ ಕುಣಿದೆ.

ಅಂದಿನಿಂದ ನನ್ನ ಕಳ್ಳತನ ಶುರುವಾಯಿತು. ಅತ್ತೆಯ ಹೆಜ್ಜೆ ಸದ್ದು ಕೇಳಿದೊಡನೆ ಕಿಟಕಿಗೆ ಕಟ್ಟಿದ್ದ ಗೋಣಿತಾಟನ್ನು ಒಳಗಿನಿಂದ ಇಳಿಬಿಡುತ್ತಿದ್ದೆ. ಅವರು ಹೋದ ಕೂಡಲೇ ಮತ್ತೆ ಎತ್ತುತ್ತಿದ್ದೆ.

“ಯಾಕಮ್ಮಿ, ಕತ್ತಲು ಮಾಡ್ಕಂಡಿದ್ದೀಯಾ?”

“ಬಿಸಿಲು ಹುಳದ ಮೇಲೆ ಬೀಳ್ತದೆ ಅತ್ತೆ.”

ಮೂಡಣ ಕಿಟಕಿಗೆ ಮಟಮಟ ಮಧ್ಯಾಹ್ನ ಎಲ್ಲಿಯ ಬಿಸಿಲು? ಅವರು ಹೂಂ ಎಂದು ಹೋಗುತ್ತಿದ್ದರು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಹೋದಲ್ಲೆಲ್ಲ ಜೇಡಗಳೇ ಕಾಣತೊಡಗಿದವು. ಬೋರಮ್ಮನ ಜೊತೆ ಸೊಪ್ಪಿಗೆ ಹೋದರೆ ಗಿಡದಿಂದ ಗಿಡಕ್ಕೆ ಬಲೆ, ಬಲೆಯಲ್ಲಿ ಎಲೆ ಸುರುಟುವ ಹುಳುವಿನ ಚಿಟ್ಟೆಗಳು. ಬಚ್ಚಲಿನ ಸೂರಿನಲ್ಲಿ ಉದ್ದ ಕಾಲಿನ ಬಡಕಲು ಜೇಡ, ಅದರ ಬಲೆಯ ತುಂಬ ಸೊಳ್ಳೆ. ಗೋಡೆಯ ಮೇಲೆ ಬಲೆಯನ್ನೇ ಕಟ್ಟದೆ ಬೆಕ್ಕಿನ ಹಾಗೆ ಹೊಂಚಿ ನೊಣದ ಮೇಲೆ ನೆಗೆಯುವ ಪುಟಾಣಿ ಜೇಡ. ಇಷ್ಟೊಂದು ಜೀವಗಳು ಕೂಲಿ ಕೇಳದೆ ನಮ್ಮ ಮನೆ ಕಾಯುತ್ತಿರುವಾಗ ನಾವು ಹಬ್ಬ ಬಂತೆಂದರೆ ಪೊರಕೆ ಹಿಡಿದು ಇವುಗಳ ಬೆನ್ನು ಹತ್ತುತ್ತೇವಲ್ಲ! ನನ್ನ ಸಡಗರ ನೋಡಿ ಬೋರಮ್ಮ, “ನಿಂಗೇನೋ ಮೆಟ್ಕಂಡದೆ,” ಎಂದು ನಕ್ಕಳು.

ಆದರೆ ನಾಲ್ಕನೇ ಜ್ವರ ಕಳೆದಂತೆ ನನ್ನ ಸಡಗರದೊಳಗೆ ಭಯವೂ ಸೇರಿಕೊಂಡಿತು. ಅತ್ತೆಯ ದೊಡ್ಡ ಕೋಣೆಯಲ್ಲಿ ಹುಳಗಳ ಮೈಮೇಲೆ ಕರಿಚುಕ್ಕೆ ಕಾಣಿಸಿತ್ತು. ಊಜಿ ಬಿದ್ದ ಗುರುತು ಅದು. ನನ್ನ ಹುಳದ ತಟ್ಟೆಗಳನ್ನು ದಿನವೂ ಹುಡುಕಿದೆ, ಚುಕ್ಕೆ ಸಿಗಲಿಲ್ಲ. ಆದರೆ ಹಣ್ಣಾದ ಹುಳಗಳನ್ನು ಚಂದ್ರಿಕೆಗೆ, ಎಂದರೆ ಗೂಡು ಕಟ್ಟುವ ಬಿದಿರಿನ ಸುರುಳಿ ತಟ್ಟೆಗೆ ಬಿಟ್ಟಾಗ, ಕೆಲವು ಹುಳ ಕಟ್ಟದೆ ಸುಮ್ಮನೆ ಅಲೆದಾಡಿದವು. ತಲೆಯೆತ್ತಿ ಅತ್ತಿತ್ತ ಆಡಿಸುತ್ತ ಗಾಳಿಯಲ್ಲೇ ಎಳೆ ಬಿಟ್ಟವು. ಅತ್ತೆಯ ಅತ್ತೆಯ ಅತ್ತೆ ಹೇಳಿದ್ದೇ ನಿಜವಾಗಿಬಿಟ್ಟರೆ?

ಅದೇ ಹೊತ್ತಿಗೆ ಅತ್ತೆ ಒಳಗೆ ಬಂದರು. ತಾಟು ಇಳಿಸಿಯೇ ಇತ್ತು.

“ಹುಳ ಗೂಡು ಕಟ್ಟುವಾಗ ಗಾಳಿ ಬೇಕು. ಆ ತಾಟ ಎತ್ತು.”

“ಆಮೇಲೆ ಎತ್ತೀನಿ ಅತ್ತೆ.”

“ನಾನೇ ಎತ್ಲಾ?”

ಅವರೇ ಹೋಗಿ ಎತ್ತಿದರು. ಬಲೆ, ಬಲೆಯ ನಡುವೆ ನನ್ನ ಒಡತಿ, ಅಂಚಿನಲ್ಲಿ ತೂಗುವ ಊಜಿಗಳ ಸಾಲು, ಎಲ್ಲ ಬಯಲಾಯಿತು. ಪೊರಕೆ ಅವರ ಕೈಗೆ ಎಟಕುವಂತೆ ಪಕ್ಕದಲ್ಲೇ ಒರಗಿತ್ತು. ನಾನು ಕಿಟಕಿಗೆ ಅಡ್ಡ ನಿಂತೆ. “ಬಯ್ಯೋದಾದ್ರೆ ನನ್ನ ಬಯ್ರಿ ಅತ್ತೆ. ಅದನ್ನ ಮಾತ್ರ ಮುಟ್ಟಬೇಡಿ,” ಎಂದೆ.

“ಮುಟ್ಟೋಳಾಗಿದ್ರೆ ಯಾವತ್ತೋ ಮುಟ್ತಿದ್ದೆ,” ಎಂದರು ಅತ್ತೆ. “ದಿನಾ ಹಿಂದ್ಲ ಬೀದೀಲಿ ಓಡಾಡೋಳು ನಾನು. ನೀನು ಒಳಗಡೆ ತಾಟು ಇಳಿಬುಟ್ರೆ ಹೊರಗಡೆಯಿಂದ ಕಾಣಕಿಲ್ವಾ?”

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಇಡೀ ಬೀದಿಗೆ ಕಾಣುವ ಬಲೆಯನ್ನು ನಾನು ಒಬ್ಬರಿಂದ ಬಚ್ಚಿಟ್ಟಿದ್ದೆ.

“ಮತ್ತೆ ಯಾಕೆ ಸುಮ್ಮನಿದ್ರಿ?”

“ಬೆಳೆ ನಿಂದು, ಕಿಟಕೀನೂ ನಿಂದು.” ಅವರು ಬಲೆಯ ಹತ್ತಿರ ಬಗ್ಗಿ ನೋಡಿದರು. “ನಾನು ಸೊಸೆಯಾಗಿ ಬಂದಾಗ ಇದೇ ಕಿಟಕೀಲಿ ಒಂದಿತ್ತು ಕಣಮ್ಮಿ. ಅದು ಊಜಿ ಹಿಡಿಯೋದ ನಾನೂ ಕಂಡಿದ್ದೆ. ನಮ್ಮತ್ತೆ ನನ್ನ ಕೈಲೇ ಗುಡಿಸಿಸಿದ್ರು. ಗುಡಿಸ್ತಾ ಗುಡಿಸ್ತಾ ಅವರ ಮಾತೇ ನನ್ನ ಮಾತೂ ಆಗೋಯ್ತು. ಬೋರಮ್ಮನ ಕೈಲೂ ಗುಡಿಸಿಸಿದೆ.”

ಅಲೆದಾಡುತ್ತಿದ್ದ ಹುಳಗಳನ್ನು ನಾನು ಅಳುಮೋರೆ ಮಾಡಿಕೊಂಡು ತೋರಿಸಿದೆ. ಅವರು ಮೊದಲ ಬಾರಿಗೆ ನಕ್ಕರು. “ಮೂಲೆ ಹುಡುಕ್ತಾವೆ ಅಷ್ಟೆ. ಎಲ್ಲಾರ್ಗೂ ಮೊದ್ಲು ಒಂದು ಎಳೆ ಕಟ್ಟಕ್ಕೆ ಜಾಗ ಬೇಕಲ್ಲ.”

ಮರುದಿನ ಬೆಳಗಾಗುವುದರೊಳಗೆ ನನ್ನ ಚಂದ್ರಿಕೆಗಳು ತುಂಬಿದ್ದವು. ಗೂಡು ಬಿಡಿಸುವ ದಿನ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಬೆಳಕಿಗೆ ಹಿಡಿದು ನೋಡಿದೆ. ಎಲ್ಲೋ ಒಂದೆರಡು ಬಿಟ್ಟರೆ ತೂತಿಲ್ಲ. ದೊಡ್ಡ ಕೋಣೆಯಲ್ಲಿ ಅತ್ತೆಯ ಬುಟ್ಟಿ ಅರ್ಧಕ್ಕರ್ಧ ತೂತು ಗೂಡು. ಗೆದ್ದೆನೆಂದು ಕೂಗಬೇಕೆಂದುಕೊಂಡವಳು ಆ ಬುಟ್ಟಿ ನೋಡಿ ಸುಮ್ಮನಾದೆ. ಹುಳ ಇಲ್ಲದ ಮನೆಯಲ್ಲಿ ಈಗ ಕೂಗಬಹುದಿತ್ತು, ಆದರೂ ಕೂಗಲಿಲ್ಲ.

ಮುಂದಿನ ಬೆಳೆಗೆ ಮೊದಲು ಅತ್ತೆ ಬೇಲಿಯಿಂದ ಒಂದು ಜೇಡವನ್ನು ತೆಂಗಿನ ಕರಟದಲ್ಲಿ ಮುಚ್ಚಿ ತಂದು ತಮ್ಮ ಕಿಟಕಿಗೆ ಬಿಟ್ಟರು. ಬೆಳಗಾಗುವಷ್ಟರಲ್ಲಿ ಅದು ಹೊರಟುಹೋಗಿತ್ತು.

“ನಮ್ಮ ಕಿಟಕಿಗೆ ಏನಾಗಿತ್ತಂತೆ ಅದ್ಕೆ?” ಎಂದು ಅವರು ಸಿಡುಕಿದರು.

“ಸೊಸೆ ತಂದಂಗೆ ತರಕ್ಕಾಯ್ತದಾ ಅತ್ತೆ,” ಎಂದಳು ಬೋರಮ್ಮ, ಸೊಪ್ಪಿನ ಹೊರೆಯ ಅಡಿಯಿಂದ. “ಬಂದಾಗ ಗುಡಿಸದೆ ಇದ್ರೆ ಸಾಕು.”

ಆ ಸಲ ಎಳೆಯ ಹುಳ ಬಂದಾಗ ಅತ್ತೆ ಎರಡು ಪಾಲು ಮಾಡುವಲ್ಲಿ ಮೂರು ಮಾಡಿದರು. ಮೂರನೆಯ ಬುಟ್ಟಿಯನ್ನು ಬೋರಮ್ಮನ ಕೈಗಿತ್ತು, ಪಡಸಾಲೆ ಪಕ್ಕದ ಕೋಣೆ ತೆರೆದುಕೊಟ್ಟರು. ಬೋರಮ್ಮ ಬುಟ್ಟಿ ಹಿಡಿದು ಹೊಸ್ತಿಲಿನ ಮುಂದೆ ಎಷ್ಟೋ ಹೊತ್ತು ನಿಂತೇ ಇದ್ದಳು.

ಮಾರನೆಯ ಬೆಳಿಗ್ಗೆ ಅತ್ತೆ ಉದ್ದ ಕೋಲಿನ ಪೊರಕೆ ಹಿಡಿದು ಕೋಣೆಕೋಣೆಗೆ ಬಂದರು. ನನ್ನ ಮೂಡಣ ಕಿಟಕಿಯ ಬಲೆ ಇಬ್ಬನಿ ಹೊತ್ತು ಹೊಳೆಯುತ್ತಿತ್ತು. ಅದನ್ನು ಮುಟ್ಟದೆ ಮುಂದೆ ಹೋದರು. ಬೋರಮ್ಮನ ಕೋಣೆಯ ಬಾಗಿಲಲ್ಲಿ ಅವರ ಕೈ ತಡೆಯಿತು. ಕಿಟಕಿಯ ಚೌಕಟ್ಟಿನಿಂದ ಬಾಗಿಲ ಚೌಕಟ್ಟಿಗೆ ಯಾವುದೋ ಜೇಡ ಆಗಷ್ಟೇ ಬಿಟ್ಟುಹೋಗಿದ್ದ ಒಂದೇ ಒಂದು ಎಳೆ ಬಿಸಿಲಿಗೆ ಮಿಂಚುತ್ತಿತ್ತು. ಅತ್ತೆ ಕೋಲನ್ನು ನೆಲಕ್ಕೆ ಇಳಿಸಿದರು. ಪೊರಕೆಯನ್ನು ಹಿಂದೆ ಎಳೆದುಕೊಂಡು, ಸೊಂಟ ಬಗ್ಗಿಸಿ, ಆ ಎಳೆಯ ಅಡಿಯಿಂದ ನುಸುಳಿ ತಟ್ಟೆಗಳ ಕಡೆಗೆ ನಡೆದರು.