ಕಾಯುವವಳ ಕಾಯ

"ಅವ್ವಾ, ಕೇಳುದ್ಯಾ? ನಿನ್ ಸೊಸೆಗೆ ಕೊಬ್ಬು ಜಾಸ್ತಿ ಅಂತ ಡಾಕ್ಟ್ರೇ ಬರ್ದುಕೊಟ್ಟವ್ರೆ! ನಾನ್ ಯೋಳುದ್ರೆ ಜಗಳಕ್ ಬತ್ತಿದ್ಲು."

ಹೊಳೆನರಸೀಪುರದ ಆಸ್ಪತ್ರೆಯಿಂದ ತಂದ ರಿಪೋರ್ಟ್ ಹಿಡಿದು ದೇವರಾಜ್ ನಗುತ್ತಿದ್ದ. ಅವನ ಹೆಂಡತಿ ಸುವರ್ಣಮ್ಮನಿಗೆ ಮೈಯೆಲ್ಲ ಉರಿಯಿತು. ಲಿವರ್‌ನಲ್ಲಿ ಕೊಬ್ಬು, ರಕ್ತದಲ್ಲಿ ಕೊಬ್ಬು, ಸಕ್ಕರೆಯ ಅಂಶ ಇನ್ನು ಸ್ವಲ್ಪ ಏರಿದರೆ ಸಕ್ಕರೆ ಕಾಯಿಲೆ. ಅವಳು ತಿಂದದ್ದಾದರೂ ಏನು? ಮೈ ಇಳಿಯಲಿ ಎಂದು ಬೆಳಗಿನ ತಿಂಡಿಯನ್ನೇ ಬಿಟ್ಟಿದ್ದಳು. ಹೊಟ್ಟೆ ತುಂಬ ಉಣ್ಣುತ್ತಿದ್ದುದು ದಿನಕ್ಕೆ ಒಂದೇ ಹೊತ್ತು.

ಜಗಲಿಯಲ್ಲಿ ಕೂತು ರಿಪೋರ್ಟ್ ಓದಿದ ಆಶಾ ಕಾರ್ಯಕರ್ತೆ ಸ್ನೇಹಲತಾ ಕೇಳಿದಳು: "ಆ ಒಂದು ಹೊತ್ತು ಯಾವ ಹೊತ್ತು, ಸುವರ್ಣಕ್ಕ?"

"ರಾತ್ರಿ ಅನ್ನೊಂದು ಗಂಟೆ. ಇವ್ರು ಸರ್ಕಲ್ಲಲ್ಲಿ ಸರ್ಕಾರ ಬೀಳ್ಸಿ, ತಿರ್ಗಾ ಎತ್ತಿ ನಿಲ್ಸಿ ಬರ್ಬೇಕಲ್ಲ! ಗಂಡ ಉಣ್ದೆ ನಾನೆಂಗೆ ಉಣ್ಣಾದು?"

"ಡೇರಿ ಬಾಗಿಲು ಹಾಕಿದ ಮೇಲೆ ಹಾಲು ತಗೊಂಡು ಹೋದ್ರೆ ಏನಂತಾರೆ?" ಎಂದಳು ಸ್ನೇಹಲತಾ.

ಸುವರ್ಣಮ್ಮ ಡೇರಿ ಸೆಕ್ರೆಟರಿಯ ಮೂಗಿನ ದನಿ ತೆಗೆದಳು: "'ಟೇಮಾಯ್ತು ಕಣಮ್ಮೋ, ಕ್ಯಾನು ಓಯ್ತು, ನಡಿ ನಡಿ!'"

ಬಾಗಿಲಲ್ಲಿ ನಿಂತಿದ್ದ ಅತ್ತೆ ದೊಡ್ಡತಾಯಮ್ಮನೂ ನಕ್ಕರು.

"ಮೈಯೊಳಗೂ ಹಂಗೇ ಒಂದು ಗಡಿಯಾರ ಇದೆ ಅಕ್ಕ. ಹಗಲು ತಿಂದದ್ದನ್ನ ಚೆನ್ನಾಗಿ ಶಕ್ತಿ ಮಾಡ್ಕೊಳ್ಳುತ್ತೆ. ಕತ್ತಲಾದ ಮೇಲೆ ಮೈ ನಿದ್ದೆಗೆ ತಯಾರಾಗುತ್ತೆ. ಆಗ ಹೊಟ್ಟೆ ಬಿರಿಯ ಉಂಡ್ರೆ ರಕ್ತದ ಸಕ್ಕರೆ ಬೇಗ ಇಳಿಯಲ್ಲ. ಕೊಬ್ಬು ಕರಗೋದು ಕಮ್ಮಿ, ಕೂಡೋದು ಜಾಸ್ತಿ. ಅದೇ ಮುದ್ದೆ, ಅದೇ ಸಾರು. ಹೊತ್ತು ಬೇರೆ ಆಯ್ತು, ಅಷ್ಟೇ."

"ಸುಮ್ಕಿರಮ್ಮ! ನಾನೂ ಅನ್ನೊಂದಕ್ಕೇ ಉಣ್ಣಾದು. ನಂಗೇನಾಗೈತೆ?"

"ಟೆಸ್ಟ್ ಮಾಡಿಸಿದ್ದೀರಾ ದೇವರಾಜಣ್ಣ?"

ದೇವರಾಜ್ ಮೆಲ್ಲಗೆ ಹೊಟ್ಟೆಯ ಮೇಲೆ ಅಂಗಿ ಎಳೆದುಕೊಂಡ. ಬೆಲ್ಟು ಸಾಲದೆ ಹೋದ ತಿಂಗಳಷ್ಟೇ ಅದಕ್ಕೆ ಹೊಸ ತೂತು ಹಾಕಿಸಿದ್ದ.

ಸುವರ್ಣಮ್ಮ ಎದ್ದು ನಿಂತಳು. "ಕೊಬ್ಬು ನಂದಲ್ಲ ಕಣ್ರೀ, ನಿಮ್ದು! ನಿಮ್ ಕೊಬ್ಬು ಬಂದು ನನ್ ಲಿವರಲ್ಲಿ ಕೂತೈತೆ. ನಿಮ್ಮುನ್ನ ಕಾಯ್ತಾ ಕಾಯ್ತಾ ನನ್ ಕಾಯ ಕೆಟ್ಟೋಯ್ತು!"

"ಲೇ, ಅದು ಪದ್ಧತಿ..."

"ಯಾವೋನ್ಲಾ ಮಾಡ್ದೋನು ಆ ಪದ್ಧತಿಯ?" ದೊಡ್ಡತಾಯಮ್ಮ ಗುಡುಗಿದರು. "ನಿಮ್ಮಪ್ಪುನ್ನ ಮೂವತ್ತೊರ್ಸ ಕಾದೆ. ಒಂದಿನ 'ಉಂಡ್ಯಾ' ಅಂತ ಕೇಳ್ನಿಲ್ಲ. ಸುವರ್ಣಾ, ಇವತ್ತಿಂದ ಏಳೂವರೆಗೆ ಇಬ್ರೂ ಉಣ್ಣವ. ಇವ್ನು ಬಂದ್ರೆ ಬರ್ಲಿ."

"ಬೆಳಿಗ್ಗೆ ತಿಂಡಿನೂ ಬಿಡಬಾರದು," ಎಂದಳು ಸ್ನೇಹಲತಾ. "ಡಾಕ್ಟರ್ ಕೊಟ್ಟ ಮಾತ್ರೆನೂ ಅಷ್ಟೇ. ಹೊತ್ತಿಗೆ ಉಂಡೆ ಅಂತ ನಿಲ್ಲಿಸಬೇಡಿ."

ಸಂಜೆ ಏಳೂಕಾಲಿಗೆ ಬೈಕಿನ ಸದ್ದಾಯಿತು.

"ನಂಗೂ ಇಕ್ಕು," ಎಂದ ದೇವರಾಜ್.

"ತಟ್ಟೆ ಅಲ್ಲೈತೆ," ಎಂದಳು ಮುದ್ದೆ ಮುರಿಯುತ್ತಿದ್ದ ಸುವರ್ಣಮ್ಮ. ಏಳಲಿಲ್ಲ. ಅವನೇ ಹೋಗಿ ತಂದುಕೊಂಡ.

ಅಕ್ಕಂದಿರೇ, ಹಸಿದು ಕಾದರೆ ಗಂಡನ ಆಯಸ್ಸೇನೂ ಹೆಚ್ಚುವುದಿಲ್ಲ, ನಿಮ್ಮದು ಕರಗುತ್ತದೆ. ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಹಿತವಾಗಿ ಉಣ್ಣಿ. ಅಣ್ಣಂದಿರೇ, ಹೆಂಡತಿಯನ್ನು ಹಸಿದು ಕೂರಿಸುವುದು ಯಾವ ಸೀಮೆಯ ಮರ್ಯಾದೆ? ಇವತ್ತು ಹೊತ್ತಿಗೆ ಸರಿಯಾಗಿ ಮನೆಗೆ ಹೋಗಿ. ಆಗಲಿಲ್ಲವೋ, ಫೋನ್ ಮಾಡಿ ಒಂದೇ ಮಾತು ಹೇಳಿ: "ಕಾಯಬೇಡ, ಉಣ್ಣು."