ನಲವತ್ತಕ್ಕೂ ಒಂದಕ್ಕೂ ನಡುವೆ

ಚಪ್ಪಲಿ ಅಂಗಡಿಯ ಗಾಜಿನ ಕಿಟಕಿ ಸಿಂಗರಿಸುವುದು ಅವಳ ಕೆಲಸ. ಅದೂ ಶನಿವಾರದವರೆಗೆ ಮಾತ್ರ. ಅಷ್ಟರೊಳಗೆ ದಾರಿಹೋಕರು ನಿಂತು ನೋಡುವಂಥದ್ದೇನಾದರೂ ಮಾಡಿದರೆ ಕಾಯಂ, ಇಲ್ಲದಿದ್ದರೆ ಬೇರೆ ಕಡೆ ನೋಡಿಕೋ ಎಂದು ಯಜಮಾನರು ಕಡ್ಡಿ ಮುರಿದಂತೆ ಹೇಳಿದ್ದರು.

ಸೋಮವಾರ ನಲವತ್ತು ಜೊತೆ ಇಟ್ಟಳು. “ಏನಮ್ಮಾ, ಗೋಡೌನ್ ಬಾಗಿಲು ತೆಗೆದಿಟ್ಟ ಹಾಗಿದೆ!” ಅಂದರು. ಮಂಗಳವಾರ ಐದು ಜೊತೆ. “ಅಂಗಡಿ ಖಾಲಿ ಮಾಡ್ತಿದ್ದೀವಾ?”

ಅಂದು ಅವಳು ಓದುತ್ತಿದ್ದ ಸಂಜೆ ಕಾಲೇಜಿನಲ್ಲಿ ಮೇಷ್ಟ್ರು ಚೀನಾದ ಕನ್‌ಫ್ಯೂಷಿಯಸ್ ಹೇಳಿದ ಮಿತದ, ಅಂದರೆ ಅತಿಯೂ ಆಗದ ಕೊರತೆಯೂ ಆಗದ ನಡುದಾರಿಯ, ಪಾಠ ಮಾಡುತ್ತಿದ್ದರು. ಅವಳು ಹೆದರುತ್ತಲೇ ಕೈಯೆತ್ತಿದಳು. “ನಲವತ್ತು ಹೆಚ್ಚು, ಐದು ಕಮ್ಮಿ. ಹಾಗಾದ್ರೆ ಇಪ್ಪತ್ತೆರಡೂವರೆ ಜೊತೆ ಇಡ್ಬೇಕಾ ಸಾರ್?”

ತರಗತಿ ಗೊಳ್ಳೆಂದಿತು. ಮೇಷ್ಟ್ರು ನಗಲಿಲ್ಲ. “ಅದು ಲೆಕ್ಕ ಕಣಮ್ಮಾ, ಮಿತ ಅಲ್ಲ. ದಪ್ಪಗಿರೋನಿಗೂ ಸಣ್ಣಗಿರೋನಿಗೂ ನಡು ಅಳತೆಯ ಅಂಗಿ ಹೊಲಿದ್ರೆ ಇಬ್ಬರಿಗೂ ಆಗಲ್ಲ. ಆ ಜಾಗಕ್ಕೆ ಎಷ್ಟು ಸರಿಯೋ ಅಷ್ಟು. ಅದನ್ನ ಕಂಡುಹಿಡಿಯೋಕೇ ತಲೆ ಓಡಿಸ್ಬೇಕು.”

ಎರಡು ದಿನ ತಲೆ ಓಡಿಸಿ, ಶುಕ್ರವಾರ ಬೆಳಿಗ್ಗೆ ಒಂದೇ ಜೊತೆ ಕೆಂಪು ಬೂಟು ಆರಿಸಿದಳು. ಆದರೆ ಎರಡರ ಮಧ್ಯೆ ಎಷ್ಟು ಜಾಗ ಬಿಡಬೇಕು? ಅಂಟಿಸಿಟ್ಟರೆ ಬೈಸಿಕೊಳ್ಳಲು ನಿಂತ ಹಾಗೆ, ದೂರವಿಟ್ಟರೆ ಮುನಿಸಿಕೊಂಡ ಹಾಗೆ. ಸ್ಕೇಲು ಹಿಡಿದು ಅಳೆದಳು, ಎತ್ತಿದಳು, ಇಟ್ಟಳು, ಮತ್ತೆ ಎತ್ತಿದಳು. ಅಷ್ಟರಲ್ಲಿ ಯಜಮಾನರು ಶಟರ್ ದಡಬಡನೆ ಮೇಲೆತ್ತಿದರು. ಗಾಬರಿಯಲ್ಲಿ ಕೈಯಲ್ಲಿದ್ದ ಬೂಟಿನ ಸಮೇತ ಒಳಗೋಡಿದಳು.

ಕಿಟಕಿಯಲ್ಲಿ ಒಂಟಿ ಬೂಟು ಉಳಿಯಿತು.

ಹತ್ತು ನಿಮಿಷದಲ್ಲಿ ಒಬ್ಬ ಅಜ್ಜಿ ಬಾಗಿಲಲ್ಲಿ ತಲೆ ಹಾಕಿದರು. “ಅದರ ಜೋಡಿ ಎಲ್ಲಿ ಹೋಯ್ತಪ್ಪಾ?”

ಮಧ್ಯಾಹ್ನಕ್ಕೆ ಗಾಜಿನ ಮುಂದೆ ಜನವೋ ಜನ. “ಇನ್ನೊಂದು ಮನೆಬಿಟ್ಟು ಹೋಗಿರ್ಬೇಕು,” ಅಂದ ಒಬ್ಬ ಗಂಡ. “ಇದೂ ನಿಮ್ಮ ಹಾಗೇ ಗುರ್ ಅಂತಿತ್ತೇನೋ,” ಅಂದಳು ಹೆಂಡತಿ. ಇಬ್ಬರೂ ಒಳಗೆ ಬಂದು ಬೂಟು ಕೊಂಡರು.

ಶನಿವಾರ ಯಜಮಾನರು ಕಾಯಂ ಮಾಡುವ ಕಾಗದ ಹಿಡಿದೇ ಬಂದರು. “ಏನು ತಲೆ ನಿಂದು!” ತಲೆಯಲ್ಲ, ಗಾಬರಿ ಎನ್ನಬೇಕೆಂದುಕೊಂಡಳು, ಅಷ್ಟರಲ್ಲಿ ಯಜಮಾನರೇ ಮುಂದುವರಿಸಿದರು. “ಒಂದಕ್ಕೇ ಇಷ್ಟು ಜನ! ಇವತ್ತು ನಲವತ್ತು ಒಂಟಿ ಬೂಟು ಇಟ್ಟುಬಿಡು.”

ಯಜಮಾನರಿಗೆ ಅವಳು ಎದುರಾಡಿದ್ದು ಅದೇ ಮೊದಲು. “ಒಂದೇ ಸಾಕು ಸಾರ್. ಇನ್ನೊಂದು ಸೇರಿದ್ರೂ ಜೋಡಿ ಎಲ್ಲಿ ಅಂತ ಯಾರೂ ಕೇಳೋಕೆ ಬರಲ್ಲ.”

ಯಜಮಾನರು ಹಟದ ಮನುಷ್ಯರಲ್ಲ. ಗದ್ದ ಕೆರೆದುಕೊಂಡರು. “ನೀನು ಒಂದು ಅಂತೀಯ, ನಾನು ನಲವತ್ತು ಅಂತೀನಿ. ಜಗಳ ಯಾಕಮ್ಮಾ? ನಡುವೆ ಬರೋಣ. ಇಪ್ಪತ್ತು.”

ಮೇಷ್ಟ್ರ ಅಂಗಿಯ ಮಾತು ಬಾಯಿಯವರೆಗೆ ಬಂತು. ಕಾಗದಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ.

“ಆಯ್ತು ಸಾರ್,” ಅಂದಳು. ಯಜಮಾನರು ಸಹಿ ಹಾಕಿದರು.

ಕೊನೆಯ ಬೂಟು ಇಡುವಾಗ ನಿನ್ನೆಯ ಅಜ್ಜಿ ಮೊಮ್ಮಗಳ ಕೈಹಿಡಿದು ಗಾಜಿನ ಮುಂದೆ ಬಂದರು. ತೋರಿಸಲೆಂದೇ ಕರೆತಂದಿದ್ದರೇನೋ. ಈ ತುದಿಯಿಂದ ಆ ತುದಿಯವರೆಗೆ ಕಣ್ಣಾಡಿಸಿದರು.

“ಓ, ಸೇಲ್ ಹಾಕಿದ್ದಾರೆ. ನಡಿ ಪುಟ್ಟಿ.”