ಬೇವಿನ ಮರದ ಕಡೆಗೆ ತಿರುಗಿದ ಸಭೆ

ಆವರಗೆರೆಯ ಭರಮಣ್ಣನಿಗೆ ನಾಟಕವೆಂದರೆ ಪ್ರಾಣ. ಆದರೆ ಬಣ್ಣ ಹಚ್ಚಿಕೊಂಡು ರಂಗಕ್ಕೆ ಬಂದರೆ ನಾಲಿಗೆ ಕಟ್ಟಿಕೊಳ್ಳುತ್ತಿತ್ತು. ಒಮ್ಮೆ ಕೃಷ್ಣನಾಗಿ ನಿಂತು ಮಾತು ಮರೆತು, ಅರ್ಜುನನನ್ನೇ ‘ಮುಂದೇನು?’ ಎಂದು ಕೇಳಿಬಿಟ್ಟಿದ್ದ. ಅಂದಿನಿಂದ ಅವನು ಪರದೆಯ ಹಿಂದೆಯೇ ಉಳಿದ. ಯಾರಿಗೆ ಊಟವಾಗಿಲ್ಲ, ಯಾರ ತಬಲಾ ಗಾಡಿಯಲ್ಲೇ ಉಳಿದಿದೆ, ಯಾರ ನಂತರ ಯಾರು ಹಾಡಿದರೆ ಜನ ಎದ್ದು ಹೋಗುವುದಿಲ್ಲ, ಇವೆಲ್ಲ ಅವನಿಗೆ ತಾನಾಗಿಯೇ ಹೊಳೆಯುತ್ತಿದ್ದವು.

ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ ಅವನನ್ನು ಹರಿಹರದ ಕಲಾಸಂಘದ ಅಧ್ಯಕ್ಷರು, ಬಟ್ಟೆ ವ್ಯಾಪಾರಿ ವಾಮದೇವಪ್ಪನವರು, 1959ರ ನಾಡಹಬ್ಬಕ್ಕೆ ಕರೆಸಿಕೊಂಡು ಕಾರ್ಯಕ್ರಮಗಳ ಹೊಣೆಯನ್ನೆಲ್ಲ ಒಪ್ಪಿಸಿದರು.

ಮೊದಲ ದಿನವೇ ಎಡವಟ್ಟಾಯಿತು. ಹುಬ್ಬಳ್ಳಿಯಿಂದ ಬರಬೇಕಿದ್ದ ಗವಾಯಿಗಳ ರೈಲು ದಾರಿಯಲ್ಲೇ ಕೆಟ್ಟು ನಿಂತಿತ್ತು. ಇಳಿಹೊತ್ತಿಗೆ ಮೈದಾನ ತುಂಬಿತ್ತು. ಮುಂದಿನ ಸೋಫಾದಲ್ಲಿ ಅಮಲ್ದಾರರು ಗಡಿಯಾರ ನೋಡುತ್ತ ಕುಳಿತಿದ್ದರು.

“ಮರ್ಯಾದೆ ಹೋಗ್ತೈತಲ್ಲೋ ಭರಮಣ್ಣ,” ಎಂದರು ವಾಮದೇವಪ್ಪ, ಬೆವರು ಒರೆಸಿಕೊಳ್ಳುತ್ತ.

ಭರಮಣ್ಣ ಸುತ್ತ ನೋಡಿದ. ಮೈದಾನದ ಹಿಂಬದಿಯ ಗೋಡೆಗೆ ತಾಗಿ ನಿಂತ ಬೇವಿನ ಮರದಡಿ ಕೊಕ್ಕನೂರಿನ ದುರುಗವ್ವ ತನ್ನ ಗೆಳತಿಯರೊಂದಿಗೆ ರೊಟ್ಟಿ ತಿನ್ನುತ್ತಿದ್ದಳು. ಬೀಸುವ ಪದ ಹಾಡುವ ಆ ಹೆಂಗಸರ ಸರದಿ ಇದ್ದದ್ದು ಮರುದಿನ ಬೆಳಿಗ್ಗೆ. ಒಂದು ದಿನ ಮೊದಲೇ, ಬೀಸುಕಲ್ಲು ಸಮೇತ, ಗಾಡಿಯಲ್ಲಿ ಬಂದಿಳಿದಿದ್ದರು.

“ಅವ್ವಾ, ಈಗ್ಲೇ ಹಾಡಬೇಕು,” ಎಂದ ಭರಮಣ್ಣ.

“ಹಾಡ್ತೀವಿ ಬಿಡು,” ದುರುಗವ್ವ ವೇದಿಕೆಯ ಕಡೆ ಕೈ ತೋರಿಸಿದಳು. “ಆದ್ರ ಆ ಅಟ್ಟದ ಮ್ಯಾಲೆ ಹತ್ತಂಗಿಲ್ಲ. ಅಷ್ಟು ಗಂಡಸ್ರು ತಲಿ ಎತ್ತಿ ನೋಡ್ತಾ ಕುಂತ್ರೆ ನಮಗೆ ಪದ ಬಾಯಿಗೆ ಬರಂಗಿಲ್ಲ.”

ಆ ಸಂಕಟ ಭರಮಣ್ಣನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ಒತ್ತಾಯ ಮಾಡಲಿಲ್ಲ. ನೇರವಾಗಿ ಸೋಫಾದ ಬಳಿ ಹೋಗಿ, “ಸಾಹೇಬ್ರೆ, ಸ್ವಲ್ಪ ಏಳ್ರಿ. ಹಾಡು ಆ ಕಡೆ ಐತೆ,” ಎಂದ.

ವಾಮದೇವಪ್ಪನವರು ತಡೆಯಲು ಧಾವಿಸಿದರು. ಆದರೆ ಅಮಲ್ದಾರರು ನಗುತ್ತಲೇ ಎದ್ದರು. ಸೋಫಾ ತಿರುಗಿತು, ಕುರ್ಚಿಗಳು ತಿರುಗಿದವು, ಚಾಪೆಯವರು ಕೂತಲ್ಲೇ ಹೊರಳಿದರು. ಹಿಂದಿದ್ದವರು ಮುಂದಾದರು, ಅವರ ಸಂಭ್ರಮ ಹೇಳತೀರದು. ಬೀಸುಕಲ್ಲು ಗುರ್ರೆಂದಿತು. ತವರಿನಿಂದ ಗಂಡನ ಮನೆಗೆ ಹೊರಟ ಹುಡುಗಿಯ ಕಥೆಯನ್ನು ದುರುಗವ್ವ ಎತ್ತಿಕೊಂಡಳು. ಜನ ಉಸಿರು ಬಿಗಿಹಿಡಿದು ಕೇಳಿದರು.

ಅಷ್ಟರಲ್ಲಿ ಗವಾಯಿಗಳ ಜಟಕಾ ಬಂದು ನಿಂತಿತು. ಮೈತುಂಬ ರೈಲಿನ ಕಲ್ಲಿದ್ದಲ ಪುಡಿ, ಹಸಿವು, ಸಿಟ್ಟು. ಇಡೀ ಸಭೆ ವೇದಿಕೆಗೆ ಬೆನ್ನು ಹಾಕಿ ಕೂತಿರುವುದನ್ನು ಕಂಡು, “ಇದೇನ್ರೀ ನಮಗ ಸ್ವಾಗತ?” ಎಂದರು.

ಪದವನ್ನು ನಡುವೆ ನಿಲ್ಲಿಸಿದರೆ ಹೆಂಗಸರಿಗೆ ಅವಮಾನ, ಕಾಯಿಸಿದರೆ ಗವಾಯಿಗಳಿಗೆ. ಭರಮಣ್ಣ ಬಿಸಿನೀರು ತರಿಸಿ ಅವರ ಕೈಕಾಲು ತೊಳೆಸಿದ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದಿಟ್ಟ. “ಗಂಟಲಿಗೆ ಬ್ಯಾಡ ಅಂದ್ರೆ ಹಾಲು ತರಿಸ್ತೀನ್ರಿ.”

“ಹಾಲು ಆಮ್ಯಾಲೆ ತರಸ್ರಿ,” ಎಂದು ಗವಾಯಿಗಳು ಮಂಡಕ್ಕಿಗೆ ಕೈ ಹಾಕಿದರು. ತಟ್ಟೆ ಖಾಲಿಯಾಗುವ ಹೊತ್ತಿಗೆ ಸಿಟ್ಟು ಇಳಿದಿತ್ತು, ಕಿವಿ ಬೇವಿನ ಮರದತ್ತ ಹೊರಳಿತ್ತು. “ಆ ಗೋಡಿ ದನಿ ಚಲೋ ತಿರುಗಿಸಿ ಕೊಡ್ತದ. ನನ್ನ ತಂಬೂರಿನೂ ಅಲ್ಲೇ ಇಡ್ರಿ.”

ದುರುಗವ್ವ ಪದ ಮುಗಿಸಿ, ಕಲ್ಲು ಸರಿಸಿ, ಸೆರಗಿನಿಂದ ಹಿಟ್ಟು ಒರೆಸಿ ಅವರಿಗೆ ಜಾಗ ಮಾಡಿಕೊಟ್ಟಳು. ಮೂರು ದಿನವೂ ಹಬ್ಬ ಮರದಡಿಯೇ ನಡೆಯಿತು. ಖರ್ಚು ಮಾಡಿ ಕಟ್ಟಿಸಿದ ವೇದಿಕೆ ಮಕ್ಕಳ ಪಾಲಾಯಿತು.

ಸುದ್ದಿ ಹಬ್ಬಿತು. ಮುಂದಿನ ವರ್ಷಗಳಲ್ಲಿ ಚಿತ್ರದುರ್ಗ, ಶಿವಮೊಗ್ಗದಿಂದಲೂ ಭರಮಣ್ಣನಿಗೆ ಕರೆ ಬಂತು. ಗಿರಣಿಯಲ್ಲಿ ರಜೆ ಕೇಳಿ ಕೇಳಿ ಅವನಿಗೇ ನಾಚಿಕೆಯಾಗತೊಡಗಿತು. ಕೊನೆಗೆ ದಾವಣಗೆರೆಯ ಕಲಾಸಂಘವೊಂದು ಅವನನ್ನು ಸಂಬಳದ ಕಾರ್ಯದರ್ಶಿಯಾಗಿ ನೇಮಿಸಿಕೊಂಡಿತು.

“ಏನು ಕೆಲ್ಸಪ್ಪ ಅದು?” ಎಂದಳು ತಾಯಿ ಕೊಟ್ರವ್ವ.

“ಯಾರು, ಯಾವಾಗ, ಎಲ್ಲಿ ಹಾಡಬೇಕು ಅಂತ ನೋಡ್ಕೊಳ್ಳೋದವ್ವ.”

“ಅದಕ್ಕೂ ಸಂಬಳ ಕೊಡ್ತಾರಾ?”

“ಕೊಡ್ತಾರೆ.”

ಕೊಟ್ರವ್ವ ನಂಬಲಿಲ್ಲವಾದರೂ ಶ್ಯಾವಿಗೆ ಪಾಯಸ ಮಾಡಿದಳು.

ಹೊಸ ಕಚೇರಿಯ ಬಾಗಿಲು ತೆರೆದಾಗ ಶಹನಾಯಿಯ ಖಾಜಾ ಹುಸೇನರೂ ಹದಡಿಯ ಡೊಳ್ಳಿನ ಮೈಲಪ್ಪನೂ ಆಗಲೇ ಜಗಲಿಯ ಮೇಲೆ ಕೂತು, ಉದ್ಘಾಟನೆಗೆ ಯಾರು ಮೊದಲು ನುಡಿಸಬೇಕೆಂದು ವಾದಕ್ಕಿಳಿದಿದ್ದರು. ಭರಮಣ್ಣ ಖುಷಿಯಿಂದ ಅಂಗಿಯ ತೋಳು ಮಡಚಿಕೊಂಡ.

“ಒಳಗೆ ಬರ್ರಿ, ಕೂಡ್ರಿ. ಚಾ ಕುಡಿದು ಮಾತಾಡೋಣ.”